1999: ಬಳ್ಳಾರಿಯಿಂದ ಕಂಡ ಒಂದು ವರ್ಷ

1999ರ ಏಪ್ರಿಲ್ 17ರಂದು ಲೋಕಸಭೆಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಅವರ ವಿಶ್ವಾಸಮತ ಯಾಚನೆಯ ಪರವಾಗಿ 269 ಮತಗಳು, ವಿರುದ್ಧವಾಗಿ 270 ಮತಗಳು ಬಿದ್ದವು. ಹದಿಮೂರು ತಿಂಗಳ ಸರ್ಕಾರ ಒಂದೇ ಮತದಿಂದ ಉರುಳಿತು. ಆ ಒಂದು ಮತ ಯಾರದು ಎಂಬ ಚರ್ಚೆಯಲ್ಲಿ ಹೆಚ್ಚು ಕೇಳಿಬಂದದ್ದು ಗಿರಿಧರ ಗಮಾಂಗ್ ಅವರ ಹೆಸರು. ಅವರು ಎರಡು ತಿಂಗಳ ಹಿಂದೆಯೇ ಒರಿಸ್ಸಾದ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದರೂ ಕೋರಾಪುಟ್ ಕ್ಷೇತ್ರದ ಲೋಕಸಭಾ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟಿರಲಿಲ್ಲ. ಸಭಾಧ್ಯಕ್ಷರಾದ ಜಿ.ಎಂ.ಸಿ. ಬಾಲಯೋಗಿ ಆ ವಿಷಯವನ್ನು ಅವರ ಆತ್ಮಸಾಕ್ಷಿಗೇ ಬಿಟ್ಟರು, ಅವರು ಸರ್ಕಾರದ ವಿರುದ್ಧ ಮತ ಹಾಕಿದರು. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಬಂಗಾಳ ಕೊಲ್ಲಿಯ ಸಮುದ್ರ ಉಕ್ಕಿ ಒರಿಸ್ಸಾದ ಊರುಗಳನ್ನು ನುಂಗಿದಾಗಲೂ ಮುಖ್ಯಮಂತ್ರಿಯ ಕುರ್ಚಿಯಲ್ಲಿದ್ದವರು ಅವರೇ. ಮತ ಹಾಕಿದ ಗಮಾಂಗ್ ಅವರನ್ನು ನಮ್ಮಲ್ಲಿ ಈಗಲೂ ಅನೇಕರು ನೆನೆಯುತ್ತಾರೆ, ಚಂಡಮಾರುತದ ದಿನಗಳ ಗಮಾಂಗ್ ಅವರನ್ನು ನೆನೆಯುವವರು ನನಗೆ ಸಿಕ್ಕಿಲ್ಲ. ಈ ಬರಹಕ್ಕೆ ಕಾರಣವೇ ಅದು.

ಆ ವರ್ಷ ನಾನು ಬಳ್ಳಾರಿಯಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿ ಓದುತ್ತಿದ್ದೆ. ಹಾಸ್ಟೆಲಿನ ಊಟದ ಕೋಣೆಯಲ್ಲಿ ಒಂದು ಟಿ.ವಿ. ಇತ್ತು, ನಮ್ಮ ಕೋಣೆಯಲ್ಲಿ ಒಂದು ರೇಡಿಯೊ ಇತ್ತು. ವರ್ಷ ಆರಂಭವಾದದ್ದೇ ಒರಿಸ್ಸಾದ ಸುದ್ದಿಯಿಂದ. ಜನವರಿ 23ರ ನಸುಕಿನಲ್ಲಿ ಕೇಂದುಝರ್ ಜಿಲ್ಲೆಯ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನು, ಅವರು ಮಲಗಿದ್ದ ವಾಹನದಲ್ಲಿಯೇ ಸುಟ್ಟು ಕೊಲ್ಲಲಾಯಿತು. ಆ ಹತ್ಯೆಯೂ ಸೇರಿದಂತೆ ಕಾನೂನು ಸುವ್ಯವಸ್ಥೆಯ ವೈಫಲ್ಯಗಳ ಆರೋಪದಲ್ಲಿ ಮುಖ್ಯಮಂತ್ರಿ ಜಾನಕಿ ವಲ್ಲಭ ಪಟ್ನಾಯಕ್ ಅಧಿಕಾರ ಬಿಟ್ಟರು, ಅವರ ಜಾಗಕ್ಕೆ ಗಮಾಂಗ್ ಬಂದರು. ಹೀಗೆ ಮನೋಹರಪುರದ ಆ ರಾತ್ರಿಗೂ ದೆಹಲಿಯ ಆ ಒಂದು ಮತಕ್ಕೂ ಒಂದು ಎಳೆ ಇದೆ.

ಫೆಬ್ರವರಿ ಮಾತ್ರ ನಮಗೆ ಸಂತೋಷದ ತಿಂಗಳಾಗಿತ್ತು. 7ರಂದು ದೆಹಲಿಯ ಫಿರೋಜ್ ಶಾ ಕೋಟ್ಲಾ ಮೈದಾನದಲ್ಲಿ ನಮ್ಮ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು ಒಂದೇ ಇನಿಂಗ್ಸ್‌ನಲ್ಲಿ ಪಡೆದರು. 20ರಂದು ವಾಜಪೇಯಿ ಬಸ್ಸಿನಲ್ಲಿ ಕುಳಿತು ವಾಘಾ ಗಡಿ ದಾಟಿ ಲಾಹೋರಿಗೆ ಹೋದರು. ಎರಡು ದೇಶಗಳೂ ಅಣ್ವಸ್ತ್ರ ಪರೀಕ್ಷೆ ನಡೆಸಿ ಇನ್ನೂ ವರ್ಷ ತುಂಬಿರಲಿಲ್ಲ. ಇನ್ನು ಯುದ್ಧ ಬೇಡ ಎಂದು ಇಬ್ಬರು ಪ್ರಧಾನಿಗಳು ಸಹಿ ಹಾಕುವುದನ್ನು ನಾವು ನಂಬಿಕೆಯಿಂದಲೇ ನೋಡಿದೆವು. ಆ ಸಹಿಯ ಹೊತ್ತಿಗೆ ಕಾರ್ಗಿಲ್ ಶಿಖರಗಳನ್ನು ಆಕ್ರಮಿಸುವ ಸಿದ್ಧತೆ ಆಚೆ ಕಡೆ ನಡೆದೇ ಇತ್ತು ಎಂದು ಆಮೇಲೆ ತಿಳಿಯಿತು. ನಂಬಿದ್ದಕ್ಕಾಗಿ ನನಗೆ ಇಂದಿಗೂ ನಾಚಿಕೆಯಿಲ್ಲ. ಮಾರ್ಚ್ ಕೊನೆಯಲ್ಲಿ ಚಮೋಲಿಯ ಭೂಕಂಪದಲ್ಲಿ ಸುಮಾರು ನೂರು ಜನ ಸತ್ತರು, ಆದರೆ ಸರ್ಕಾರ ಉಳಿಯುತ್ತದೆಯೋ ಬೀಳುತ್ತದೆಯೋ ಎಂಬ ಗದ್ದಲದಲ್ಲಿ ಆ ಸುದ್ದಿ ಕೆಲವೇ ದಿನಗಳಲ್ಲಿ ಪತ್ರಿಕೆಗಳ ಒಳಪುಟಕ್ಕೆ ಸರಿಯಿತು.

ಕಾರ್ಗಿಲ್ ಯುದ್ಧದ ವಿಷಯದಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ಮೇ ತಿಂಗಳ ಆರಂಭದಲ್ಲಿ ಬೆಟ್ಟದ ಮೇಲೆ ಅಪರಿಚಿತರು ಓಡಾಡುತ್ತಿರುವುದನ್ನು ಮೊದಲು ಕಂಡು ಸೈನ್ಯಕ್ಕೆ ತಿಳಿಸಿದವರು ಆ ಭಾಗದ ದನಕುರಿ ಕಾಯುವವರು. ಯುದ್ಧವನ್ನು ನಡೆಸಿದ್ದು ಉಸ್ತುವಾರಿ ಸರ್ಕಾರ, ಲೋಕಸಭೆ ವಿಸರ್ಜನೆಯಾಗಿತ್ತು, ರಾಜ್ಯಸಭೆಯನ್ನಾದರೂ ಕರೆಯಿರಿ ಎಂಬ ವಿರೋಧ ಪಕ್ಷಗಳ ಬೇಡಿಕೆ ಈಡೇರಲಿಲ್ಲ. ಜೂನ್ 13ರ ಮುಂಜಾನೆ ತೋಲೋಲಿಂಗ್ ಶಿಖರವನ್ನು ಮರಳಿ ಪಡೆದ 2 ರಾಜಪುತಾನಾ ರೈಫಲ್ಸ್ ಪಡೆಯ ನಾಯಕತ್ವ ವಹಿಸಿದ್ದವರು ಕನ್ನಡಿಗರಾದ ಕರ್ನಲ್ ಎಂ.ಬಿ. ರವೀಂದ್ರನಾಥ್. ಆ ಶಿಖರದ ಮೇಲಿಂದ ಶ್ರೀನಗರ ಮತ್ತು ಲೇಹ್ ನಡುವಿನ ಹೆದ್ದಾರಿಯ ಮೇಲೆ ನೇರವಾಗಿ ಗುಂಡು ಹಾರಿಸಬಹುದಾಗಿದ್ದುದರಿಂದ ಅದನ್ನು ಗೆಲ್ಲದೆ ಮುಂದೆ ಹೆಜ್ಜೆ ಇಡುವಂತಿರಲಿಲ್ಲ. ಜುಲೈ 26ಕ್ಕೆ ಯುದ್ಧ ಮುಗಿಯುವಾಗ ನಮ್ಮ 527 ಯೋಧರು ಪ್ರಾಣ ಕೊಟ್ಟಿದ್ದರು. ಯುದ್ಧವನ್ನು ಟಿ.ವಿ.ಯಲ್ಲಿ ದಿನವೂ ನೋಡಿದ್ದು ನಮಗೆ ಅದೇ ಮೊದಲು. ತ್ರಿವರ್ಣ ಧ್ವಜ ಹೊದಿಸಿದ ಶವಪೆಟ್ಟಿಗೆಗಳು ಒಂದೊಂದು ಊರಿಗೆ ಬಂದಿಳಿಯುವುದನ್ನು ಕಂಡು, ಊಟದ ತಟ್ಟೆ ಮುಂದಿಟ್ಟುಕೊಂಡೇ ಹಾಸ್ಟೆಲಿನ ಹುಡುಗರು ಮಾತಿಲ್ಲದೆ ಕೂರುತ್ತಿದ್ದೆವು.

ಯುದ್ಧ ಮುಗಿದು ವಾರವಷ್ಟೇ ಆಗಿತ್ತು. ಆಗಸ್ಟ್ 2ರ ನಡುರಾತ್ರಿ ಕಳೆದ ಮೇಲೆ ಪಶ್ಚಿಮ ಬಂಗಾಳದ ಗೈಸಾಲ್ ನಿಲ್ದಾಣದ ಬಳಿ ಅವಧ್ ಅಸ್ಸಾಂ ಎಕ್ಸ್‌ಪ್ರೆಸ್ ಮತ್ತು ಬ್ರಹ್ಮಪುತ್ರ ಮೇಲ್ ಒಂದೇ ಹಳಿಯ ಮೇಲೆ ಎದುರುಬದುರಾಗಿ ಡಿಕ್ಕಿ ಹೊಡೆದವು. ಕನಿಷ್ಠ 285 ಜನ ಸತ್ತರು, ಅವರಲ್ಲಿ ಸೈನಿಕರೂ ಇದ್ದರು. ರೈಲ್ವೆ ಸಚಿವ ನಿತೀಶ್ ಕುಮಾರ್ ನೈತಿಕ ಹೊಣೆ ಹೊತ್ತು ರಾಜೀನಾಮೆ ನೀಡಿದರು.

ಅಷ್ಟರಲ್ಲಿ ಚುನಾವಣೆ ನಮ್ಮ ಬೀದಿಗೇ ಬಂದಿತ್ತು. ಆಗಸ್ಟ್ 18, ನಾಮಪತ್ರ ಸಲ್ಲಿಸುವ ಕೊನೆಯ ದಿನ, ಸೋನಿಯಾ ಗಾಂಧಿ ಬಳ್ಳಾರಿಗೆ ಬಂದು ನಾಮಪತ್ರ ಸಲ್ಲಿಸಿದರು, ಅಂದೇ ಸುಷ್ಮಾ ಸ್ವರಾಜ್ ಕೂಡ ಬಂದು ಸಲ್ಲಿಸಿದರು. ಬಿಸಿಲು, ದೂಳು ಮತ್ತು ಅದಿರಿನ ಲಾರಿಗಳ ನಮ್ಮ ಊರಿನ ಹೆಸರು ಒಂದೇ ಸಂಜೆಯಲ್ಲಿ ದೇಶದ ಎಲ್ಲರ ಬಾಯಲ್ಲಿ ಬಂತು. ಮೊದಲ ಲೋಕಸಭೆಯಿಂದಲೂ ಕಾಂಗ್ರೆಸ್ ಪಕ್ಷವನ್ನೇ ಗೆಲ್ಲಿಸುತ್ತ ಬಂದಿದ್ದ ಕ್ಷೇತ್ರವದು. ಸುಷ್ಮಾ ಸ್ವರಾಜ್ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಕನ್ನಡದಲ್ಲಿಯೇ ಭಾಷಣ ಮಾಡತೊಡಗಿದರು. ನಾನು ಕೇಳಿದ ಸಭೆಯಲ್ಲಿ ಅವರ ಉಚ್ಚಾರಣೆಯಲ್ಲಿ ಹಿಂದಿಯ ಛಾಯೆ ಇತ್ತು, ಆದರೆ ಕ್ರಿಯಾಪದಗಳು ತಪ್ಪುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದ ಹಮಾಲಿಯೊಬ್ಬರು, ‘ನಮ್ಮ ಮಾತು ಕಲ್ತಾಳ ನೋಡಪ್ಪ, ವೋಟು ಬ್ಯಾರೆ ಮಾತು’ ಎಂದರು. ಫಲಿತಾಂಶವೂ ಹಾಗೆಯೇ ಆಯಿತು. ಸೋನಿಯಾ ಗಾಂಧಿ 56 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು, ಅಮೇಠಿಯಲ್ಲಿಯೂ ಗೆದ್ದಿದ್ದರಿಂದ ಬಳ್ಳಾರಿಯನ್ನು ಬಿಟ್ಟುಕೊಟ್ಟರು. ಸೋತ ಸುಷ್ಮಾ ಸ್ವರಾಜ್ ಮಾತ್ರ ಅದರ ನಂತರವೂ ಎಷ್ಟೋ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬರುತ್ತಿದ್ದರು. ದೆಹಲಿಯಲ್ಲಿ ವಾಜಪೇಯಿ ಮತ್ತೆ ಪ್ರಧಾನಿಯಾದರು. ನಮ್ಮ ರಾಜ್ಯದಲ್ಲಿ ಜನತಾದಳ ಎರಡು ಹೋಳಾಗಿ, ಕಾಂಗ್ರೆಸ್ 132 ಸ್ಥಾನ ಪಡೆದು, ಜೆ.ಎಚ್. ಪಟೇಲರು ಬಿಟ್ಟ ಜಾಗಕ್ಕೆ ಎಸ್.ಎಂ. ಕೃಷ್ಣ ಬಂದರು.

ಅಕ್ಟೋಬರ್ 29ರ ಬೆಳಿಗ್ಗೆ ಪಾರಾದೀಪದ ಸಮೀಪ ಆ ಚಂಡಮಾರುತ ದಡ ಮುಟ್ಟಿತು. ಗಂಟೆಗೆ ಸುಮಾರು 260 ಕಿಲೋಮೀಟರ್ ವೇಗದ ಗಾಳಿ, ಅದರ ಜೊತೆಗೆ ಐದಾರು ಮೀಟರ್ ಎತ್ತರಕ್ಕೆ ಎದ್ದು ಒಳನಾಡಿನವರೆಗೆ ನುಗ್ಗಿದ ಸಮುದ್ರದ ನೀರು. ದಡ ಮುಟ್ಟಿದ ಮೇಲೆ ಚಂಡಮಾರುತ ಮುಂದಕ್ಕೆ ಸರಿಯದೆ ಅಲ್ಲಿಯೇ ನಿಂತು ಮಳೆ ಸುರಿಸಿತು. ಹನ್ನೆರಡು ದಿನಗಳ ಹಿಂದಷ್ಟೇ ಇನ್ನೊಂದು ಚಂಡಮಾರುತ ಗಂಜಾಂ ಜಿಲ್ಲೆಯನ್ನು ಹೊಡೆದಿತ್ತು, ಸರ್ಕಾರದ ಗಮನವೂ ಸಾಮಗ್ರಿಯೂ ಅಲ್ಲಿದ್ದವು. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿರಲಿಲ್ಲವೆಂದಲ್ಲ. ಎಚ್ಚರಿಕೆ ಕೇಳಿದವರು ಹೋಗಿ ನಿಲ್ಲಲು ಗಟ್ಟಿ ಕಟ್ಟಡಗಳಿರಲಿಲ್ಲ, ರೆಡ್ ಕ್ರಾಸ್ ಕಟ್ಟಿದ್ದ ಕೆಲವು ಆಶ್ರಯತಾಣಗಳನ್ನು ಬಿಟ್ಟರೆ ಮಣ್ಣಿನ ಗೋಡೆ, ಹುಲ್ಲಿನ ಮಾಡುಗಳೇ ಎಲ್ಲೆಡೆ ಇದ್ದವು. ಭುವನೇಶ್ವರದಲ್ಲಿಯೇ ವಿದ್ಯುತ್ತು, ದೂರವಾಣಿ ಎರಡೂ ನಿಂತವು, ಬಿದ್ದ ಮರಗಳಿಂದ ರಸ್ತೆಗಳು ಮುಚ್ಚಿದವು. ಹೊರ ಜಗತ್ತಿಗೆ ಸುದ್ದಿ ತಲುಪಿಸಲು ಹ್ಯಾಮ್ ರೇಡಿಯೊ ಹವ್ಯಾಸಿಗಳು ನೆರವಾಗಬೇಕಾಯಿತು. ಸರ್ಕಾರದ ಲೆಕ್ಕದಲ್ಲಿಯೇ ಹತ್ತು ಸಾವಿರದ ಸಮೀಪ ಜನ ಸತ್ತರು, ಅವರಲ್ಲಿ ಬಹುಪಾಲು ಜಗತ್‌ಸಿಂಗ್‌ಪುರ ಜಿಲ್ಲೆಯವರು, ಅದರಲ್ಲಿಯೂ ಎರಸಮಾ ಪ್ರದೇಶದವರು. ಕೇಂದ್ರಾಪಾಡಾ ಜಿಲ್ಲೆಯಲ್ಲಿ ಕಡಲಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ದಟ್ಟವಾಗಿ ಉಳಿದಿದ್ದ ಕಡೆ, ಅದರ ಹಿಂದಿನ ಹಳ್ಳಿಗಳಲ್ಲಿ ಸಾವು ಕಡಿಮೆಯಾಗಿತ್ತು ಎಂದು ಆಮೇಲಿನ ಅಧ್ಯಯನಗಳು ತೋರಿಸಿದವು.

ದೀಪಾವಳಿಗೆ ಇನ್ನು ಎರಡು ಮೂರು ದಿನ ಇರುವಾಗ ನಮ್ಮ ಕಾಲೇಜಿನ ಎನ್‌.ಎಸ್‌.ಎಸ್. ಹುಡುಗರು ಬಟ್ಟೆ, ಅಕ್ಕಿ ಸಂಗ್ರಹಿಸಲು ಕೌಲ್ ಬಜಾರಿನ ಓಣಿಗಳಿಗೆ ಹೋದೆವು. ಒಂದು ಮನೆಯ ಜಗಲಿಯಲ್ಲಿ ಕುಳಿತಿದ್ದ ಅಜ್ಜಿ ನಮ್ಮ ಮಾತನ್ನು ಪೂರ್ತಿ ಕೇಳಿ, ‘ಅಲ್ಲಪ್ಪ, ಸಮುದ್ರ ಊರೊಳಗ ಹೆಂಗ ಬರ್ತೈತಿ?’ ಎಂದು ಕೇಳಿದರು. ಅವರು ಸಮುದ್ರ ನೋಡಿದವರಲ್ಲ, ನಾನೂ ಆಗ ನೋಡಿರಲಿಲ್ಲ. ತುಂಗಭದ್ರೆಗೆ ನೆರೆ ಬಂದ ಹಾಗೆ, ಆದರೆ ಮನೆಗಿಂತ ಎತ್ತರಕ್ಕೆ ಎಂದು ನನಗೆ ತಿಳಿದಂತೆ ಹೇಳಿದೆ. ‘ಕೂಸುಗಳೂ ಇದ್ದುವೇನು?’ ಎಂದರು. ಇದ್ದವು ಎಂದೆ. ಅವರು ಒಳಗೆ ಹೋಗಿ ಒಂದು ಕೌದಿ ತಂದರು. ಹಳೆಯ ಇಳಕಲ್ ಸೀರೆಯ ತುಂಡುಗಳನ್ನು ಜೋಡಿಸಿ, ನಡುವೆ ಕೆಂಪು ಚೌಕ ಇಟ್ಟು, ಸಾಲುಸಾಲಾಗಿ ಒತ್ತಾಗಿ ಹೊಲಿದ ಚಿಕ್ಕ ಕೌದಿ, ಮಗುವಿಗೆಂದೇ ಹೊಲಿದದ್ದು. ನಾಲ್ಕು ಮೂಲೆಗಳಲ್ಲಿಯೂ ಬಟ್ಟೆಯನ್ನು ಮಡಿಸಿ ತ್ರಿಕೋನದ ಕುಚ್ಚು ಕೂರಿಸಿದ್ದರು. ನಾವು ಕಾಲೇಜಿನಲ್ಲಿ ಬಟ್ಟೆಗಳನ್ನು ವಿಂಗಡಿಸುವಾಗ ಹರಿದ ಅಂಗಿಗಳನ್ನೂ ಗುಂಡಿ ಇಲ್ಲದ ಪ್ಯಾಂಟುಗಳನ್ನೂ ಎಷ್ಟೋ ಬೇರೆ ಇಡಬೇಕಾಯಿತು, ಕೌದಿಯನ್ನು ಮಾತ್ರ ಮಡಿಸಿ ಮೂಟೆಯ ಮೇಲ್ಭಾಗದಲ್ಲಿ ಇಟ್ಟೆ. ಅದು ಯಾವ ಮಗುವಿಗೆ ತಲುಪಿತೋ ತಿಳಿಯುವ ದಾರಿ ಇರಲಿಲ್ಲ.

ಆ ವಾರಗಳಲ್ಲಿ ನನ್ನನ್ನು ಕಾಡಿದ್ದು, ಈಗಲೂ ಕಾಡುವುದು ಒಂದೇ ಸಂಗತಿ. ಕಾರ್ಗಿಲ್‌ನಲ್ಲಿ ತೀರಿಕೊಂಡ ಒಬ್ಬೊಬ್ಬ ಯೋಧನ ಊರು, ತಂದೆತಾಯಿ, ಓದಿದ ಶಾಲೆ ನಮಗೆ ಗೊತ್ತಾಗಿದ್ದವು, ಗೊತ್ತಾಗಬೇಕಾದದ್ದೂ ಸರಿಯೇ. ಆದರೆ ಆ ಯುದ್ಧದ ಸುಮಾರು ಇಪ್ಪತ್ತು ಪಟ್ಟು ಜನ ಒರಿಸ್ಸಾದಲ್ಲಿ ಎರಡು ದಿನಗಳಲ್ಲಿ ಸತ್ತರೂ, ನಮ್ಮ ಊರಿನಲ್ಲಿ ಒಬ್ಬರ ಹೆಸರೂ ಯಾರಿಗೂ ತಿಳಿಯಲಿಲ್ಲ. ಶತ್ರು ಎಂದು ತೋರಿಸಲು ಒಂದು ಮುಖವಿದ್ದರೆ ಸಾವನ್ನು ಎಣಿಸುತ್ತೇವೆ, ಸಮುದ್ರಕ್ಕೆ ಮುಖವಿಲ್ಲ. ಸತ್ತವರು ಬಡ ಮೀನುಗಾರರು, ಕೂಲಿಕಾರರು, ಕಡಲಂಚಿನ ಹೊಸ ಜಮೀನಿನಲ್ಲಿ ನೆಲೆಸಿದ್ದ ವಲಸಿಗರು ಎಂಬುದೂ ಕಾರಣವಾಗಿತ್ತು ಎಂದು ನಾನು ನಂಬುತ್ತೇನೆ.

ಡಿಸೆಂಬರ್‌ನಲ್ಲಿ ಗಮಾಂಗ್ ರಾಜೀನಾಮೆ ನೀಡಿದರು. ಅದೇ ತಿಂಗಳ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟಿದ್ದ ಐಸಿ 814 ವಿಮಾನದ ಅಪಹರಣವಾಯಿತು. ಅಮೃತಸರದಲ್ಲಿ ಇಳಿದಿದ್ದ ವಿಮಾನವನ್ನು ತಡೆಯಲಾಗದೆ, ಕಡೆಗೆ ಕಂದಹಾರದಲ್ಲಿ ಮಸೂದ್ ಅಜರ್ ಸೇರಿ ಮೂವರು ಉಗ್ರರನ್ನು ಒಪ್ಪಿಸಿ ಒತ್ತೆಯಾಳುಗಳನ್ನು ಬಿಡಿಸಿಕೊಳ್ಳುವಷ್ಟರಲ್ಲಿ 31ನೇ ತಾರೀಖು ಬಂದಿತ್ತು. ವರ್ಷದ ಕೊನೆಯ ವಾರ ಪೂರ್ತಿ ದೇಶದ ಕಣ್ಣು ಕಂದಹಾರದ ಮೇಲಿತ್ತು. ಎರಸಮಾದಲ್ಲಿ ಸ್ವಯಂಸೇವಕರು ಶವಗಳನ್ನು ಸುಟ್ಟು ಎರಡು ತಿಂಗಳೂ ಪೂರ್ತಿ ಆಗಿರಲಿಲ್ಲ.

ಆದರೆ ಅದೇ ಡಿಸೆಂಬರ್ ಕೊನೆಯಲ್ಲಿ, ಯಾರೂ ಅಷ್ಟಾಗಿ ಗಮನಿಸದ ಇನ್ನೊಂದು ಕೆಲಸ ಆರಂಭವಾಗಿತ್ತು. ಒರಿಸ್ಸಾ ಸರ್ಕಾರ ವಿಪತ್ತು ನಿರ್ವಹಣೆಗೆಂದೇ ಒಂದು ಪ್ರತ್ಯೇಕ ಪ್ರಾಧಿಕಾರವನ್ನು ಸ್ಥಾಪಿಸಿತು. ದೇಶದಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು 2005ರಲ್ಲಿ. ಕಡಲ ತೀರದುದ್ದಕ್ಕೂ ನೂರಾರು ಆಶ್ರಯತಾಣಗಳು ಎದ್ದವು, ಹಳ್ಳಿಹಳ್ಳಿಗಳಲ್ಲಿ ಸ್ವಯಂಸೇವಕರ ತಂಡಗಳು ತಯಾರಾದವು, ಪಕ್ಷ ಯಾವುದೇ ಇರಲಿ ಆ ಕೆಲಸ ನಿಲ್ಲಲಿಲ್ಲ. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಲಾಯಿತು, ಸತ್ತವರ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ. 2019ರ ಫಣಿಯ ಹೊತ್ತಿಗೆ ಸ್ಥಳಾಂತರಗೊಂಡವರು ಸುಮಾರು 12 ಲಕ್ಷ, ತೀರಿಕೊಂಡವರು 64. ಆ ವರ್ಷದ ರಾಜಕೀಯ ಕಾಲದೊಂದಿಗೆ ಹಳತಾಯಿತು, ಒರಿಸ್ಸಾದ ಜನ ಆ ವರ್ಷದಿಂದ ಕಲಿತದ್ದು ಇಂದಿಗೂ ಜೀವ ಉಳಿಸುತ್ತಿದೆ. 1999 ಎಂದರೆ ನನಗೆ ಮೊದಲು ನೆನಪಾಗುವುದು ಇದೇ.

2016ರಲ್ಲಿ ಕೆಲಸದ ನಿಮಿತ್ತ ಪಾರಾದೀಪಕ್ಕೆ ಹೋದಾಗ ಅಂತಹ ಒಂದು ಆಶ್ರಯತಾಣವನ್ನು ನೋಡಿದೆ. ದಪ್ಪ ಕಂಬಗಳ ಮೇಲೆ ನಿಂತ ಕಟ್ಟಡ, ನೆಲಮಟ್ಟದಲ್ಲಿ ನೀರು ಹಾದುಹೋಗಲು ಖಾಲಿ ಜಾಗ, ನಡೆಯಲಾಗದವರನ್ನು ಮೇಲಕ್ಕೆ ಕರೆದೊಯ್ಯಲು ಇಳಿಜಾರು ದಾರಿ. ಉಳಿದ ದಿನಗಳಲ್ಲಿ ಅದು ಶಾಲೆ. ಮೇಲಿನ ಕೋಣೆಯಲ್ಲಿ ಮಕ್ಕಳು ಒಕ್ಕೊರಲಿನಿಂದ ಒಡಿಯಾ ಮಗ್ಗಿ ಹೇಳುತ್ತಿದ್ದರು. ಮೂಲೆಯಲ್ಲಿ ಕಬ್ಬಿಣದ ಪೆಟ್ಟಿಗೆಯೊಂದಿತ್ತು, ಮೇಷ್ಟ್ರು ಅದರ ಮುಚ್ಚಳ ತೆಗೆದು ತೋರಿಸಿದರು. ಹಗ್ಗ, ಟಾರ್ಚು, ಕೈಯಿಂದ ತಿರುಗಿಸುವ ಸೈರನ್, ಅವುಗಳ ಕೆಳಗೆ ಅಂದವಾಗಿ ಮಡಿಸಿಟ್ಟ ಹೊದಿಕೆಗಳು. ನಾನು ಒಂದೊಂದನ್ನೇ ಎತ್ತಿ ನೋಡಿದೆ. ಎಲ್ಲವೂ ಹೊಸವು, ಸರ್ಕಾರದ ಮೊಹರು ಬಿದ್ದವು. ಏನು ಹುಡುಕುತ್ತಿದ್ದೀರಿ ಎಂದು ಮೇಷ್ಟ್ರು ಹಿಂದಿಯಲ್ಲಿ ಕೇಳಿದರು. ಕೌದಿಗೆ ಹಿಂದಿಯಲ್ಲಿ ಏನನ್ನುತ್ತಾರೋ ಆ ಕ್ಷಣಕ್ಕೆ ನನಗೆ ಹೊಳೆಯಲಿಲ್ಲ.