ಕಿಲ್ವ್ ತೀರದಲ್ಲಿ ಫಾಲ್ಟ್ ಓದಿದ ದಿನ

ಕಂಪ್ಯೂಟರ್ ಪರದೆಯ ಮೇಲೆ ಫಾಲ್ಟ್ (ನೆಲದೊಳಗಿನ ಕಲ್ಲು ಬಿರಿದು ಜಾರಿದ ಜಾಗ) ಅಂದರೆ ಒಂದು ಗೆರೆ. ನೆಲದೊಳಗೆ ಕಂಪನ ಕಳಿಸಿ ತೆಗೆದ ಸೈಸ್ಮಿಕ್ ಚಿತ್ರದಲ್ಲಿ ಪದರಗಳು ಎಲ್ಲಿ ಕಡಿದು ಜಾರಿವೆಯೋ ಅಲ್ಲಿ ಮೌಸ್ ಎಳೆದರೆ ಮುಗಿಯಿತು. ಎಣ್ಣೆ ಹುಡುಕಲು ಇದೇ ಕೆಲಸ ಮಾಡಿ ಸಂಬಳ ತೆಗೆದುಕೊಳ್ಳುತ್ತಿದ್ದ ನಮ್ಮನ್ನು ತರಬೇತಿಗೆಂದು ಇಂಗ್ಲೆಂಡಿನ ಸಾಮರ್‌ಸೆಟ್‌ಗೆ ಕಳಿಸಿದ್ದರು. ಅಲ್ಲಿ ಕಿಲ್ವ್ ಎಂಬ ಹಳ್ಳಿಯ ಕಡಲತೀರದಲ್ಲಿ ದಿನವಿಡೀ ಬರೀ ಫಾಲ್ಟ್ ನೋಡುವುದು.

ನಾನು ಓದಿದ್ದು ಮೈಸೂರಿನಲ್ಲಿ. ನಮ್ಮ ಕಡೆಯ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು, ಅದರಲ್ಲಿ ಎಣ್ಣೆ ಹುಡುಕುವ ಮಾತೇ ಇಲ್ಲ. ಹಟ್ಟಿಯಲ್ಲಿ ಚಿನ್ನ ಸಿಗುವುದು ಬಂಡೆ ಬಿರಿದು ನುಗ್ಗಾದ ಜಾಗದಲ್ಲಿ. ಹಾಗಾಗಿ ನನ್ನ ತಲೆಯಲ್ಲಿ ಬಿರುಕು ಅಂದರೆ ದಾರಿ. ಎಣ್ಣೆಯವರಿಗೆ ಅದು ಎಷ್ಟೋ ಸಲ ಎಣ್ಣೆ ತಡೆಯುವ ಗೋಡೆ.

ಕಿಲ್ವ್‌ನಲ್ಲಿ ಸಮಯ ಹೇಳುವುದು ಗಡಿಯಾರವಲ್ಲ, ಕಡಲು. ಕಾರವಾರದಲ್ಲಿ ಉಬ್ಬರ ಇಳಿತದ ವ್ಯತ್ಯಾಸ 2 ಮೀಟರ್ ಆಸುಪಾಸು. ಕಿಲ್ವ್ ಇರುವ ಬ್ರಿಸ್ಟಲ್ ಚಾನೆಲ್ ಎಂಬ ಕಡಲ ಚಾಚಿನಲ್ಲಿ ದೊಡ್ಡ ಉಬ್ಬರಕ್ಕೆ 10 ಮೀಟರ್‌ಗೂ ಜಾಸ್ತಿ! ನೀರು ಹಿಂದೆ ಸರಿದಾಗ ಸುಮಾರು 20 ಕೋಟಿ ವರ್ಷದ ಹಿಂದಿನ ಸುಣ್ಣಕಲ್ಲು ಮತ್ತು ಕಪ್ಪು ಶೇಲ್ (ಜೇಡಿ ಗಟ್ಟಿಯಾದ ಕಲ್ಲು) ಪದರಗಳು ಒಂದರ ಮೇಲೊಂದು ಹಾಸಿಕೊಂಡಿದ್ದು ಕಾಣುತ್ತದೆ. ಬ್ಲೂ ಲಯಾಸ್ ಅಂತ ಅದರ ಹೆಸರು. ಡಾರ್ಸೆಟ್‌ನ ವಿಚ್ ಫಾರ್ಮ್ ತೈಲಕ್ಷೇತ್ರಕ್ಕೆ ಎಣ್ಣೆ ಕೊಟ್ಟಿದ್ದು ಇದೇ ಲಯಾಸ್ ಶೇಲ್. ಕಿಲ್ವ್‌ನಲ್ಲೂ ಶೇಲ್ ಕಾಯಿಸಿ ಎಣ್ಣೆ ಇಳಿಸುವ ಆಸೆಯಿಂದ 1924ರಲ್ಲಿ ಕಟ್ಟಿದ ಇಟ್ಟಿಗೆಯ ಭಟ್ಟಿಯೊಂದು ಕಾರ್ ನಿಲ್ಲಿಸುವ ಜಾಗದ ಪಕ್ಕದಲ್ಲೇ ಇದೆ. ವ್ಯಾಪಾರ ಮಾತ್ರ ಕುದುರಲಿಲ್ಲ.

ಬಂಡೆಯ ಹತ್ತಿರ ಹೋಗಿ ಮಂಡಿಯೂರಿದಾಗ ನಮ್ಮ ಗೆರೆ ಚೂರುಚೂರಾಯಿತು. ಒಂದೇ ಫಾಲ್ಟ್ ಅಂದುಕೊಂಡಿದ್ದು ಕವಲೊಡೆದು ಮತ್ತೆ ಸೇರುತ್ತದೆ. ನಡುವೆ ಪುಡಿಯಾದ ಕಲ್ಲು, ಅದರೊಳಗೆ ಕ್ಯಾಲ್ಸೈಟ್ ಎಂಬ ಬಿಳಿ ಖನಿಜದ ಎಳೆಗಳು. ಯಾವತ್ತೋ ಇಲ್ಲಿ ದ್ರವ ಹರಿದಿತ್ತು ಅನ್ನುವುದಕ್ಕೆ ಅದೇ ಗುರುತು. ಒಂದಡಿ ಜಾರಿದ ಸಣ್ಣ ಫಾಲ್ಟ್‌ಗಳಂತೂ ಹೆಜ್ಜೆಗೊಂದು. ಸೈಸ್ಮಿಕ್‌ನಲ್ಲಿ ಇವು ಯಾವುವೂ ಕಾಣುವುದಿಲ್ಲ. ಎಣ್ಣೆ ಇರುವ ಆಳದಲ್ಲಿ 10 ಮೀಟರ್‌ಗಿಂತ ಕಡಿಮೆ ಜಾರಿದ್ದರೆ ಸಾಮಾನ್ಯವಾಗಿ ಅದು ನಮ್ಮ ಕಣ್ಣು ತಪ್ಪಿಸುತ್ತದೆ.

ಶೇಲ್ ಫಾಲ್ಟ್‌ನ ಉದ್ದಕ್ಕೂ ಹೇಗೆ ಎಳೆದುಕೊಂಡು ಹೋಗಿದೆ ಅನ್ನುವುದನ್ನು ನೋಡುತ್ತಾ ನಾನು ಜಾಸ್ತಿ ಹೊತ್ತು ನಿಂತೆ. ಕಾವಲಿಯ ಮೇಲೆ ದೋಸೆ ಹಿಟ್ಟು ಎಳೆದ ಹಾಗೆ: ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ, ಅಲ್ಲಲ್ಲಿ ತೂತು. ಎಣ್ಣೆ ತಡೆಯುವುದು ಈ ಶೇಲ್ ಲೇಪ; ದಾಟಿ ಹೋಗಲು ಎಣ್ಣೆಗೆ ಆ ತೂತು ಸಾಕು.

ತರಬೇತುದಾರರು ಒಂದು ಲೆಕ್ಕ ಕೊಟ್ಟರು. ಪದರಗಳು 10 ಮೀಟರ್ ಜಾರಿವೆ, ಆ ಜಾಗ ದಾಟಿ ಹೋದ ಶೇಲ್ ಒಟ್ಟು 4 ಮೀಟರ್. ಅಲ್ಲಿಗೆ ಶೇಲ್ ಗೌಜ್ ಅನುಪಾತ, ಅಂದರೆ ಜಾರಿದ ದೂರದಲ್ಲಿ ಶೇಲ್‌ನ ಪಾಲು, ಶೇ. 40. ಸುಮಾರು ಶೇ. 20ಕ್ಕಿಂತ ಕೆಳಗೆ ಬಂದರೆ ಸೋರುವ ಭಯ. ಈ ಲೆಕ್ಕ ಹುಟ್ಟಿದ್ದು ಮರಳುಗಲ್ಲು-ಶೇಲ್ ಜೋಡಿಗೆ, ಸುಣ್ಣಕಲ್ಲಿಗಲ್ಲ. 'ಇಲ್ಲಿಂದ ಆಕಾರ ಕಲಿಯಿರಿ, ಅಂಕಿ ಬೇಡ' ಅಂತ ಅವರೇ ಎಚ್ಚರಿಸಿದರು. ನನಗೆ ಆ ಮಾತು ಲೆಕ್ಕಕ್ಕಿಂತ ಹಿಡಿಸಿತು. ಸಾಫ್ಟ್‌ವೇರ್ ಯಾವ ಕಲ್ಲಿಗೂ ಬೇಡ ಅನ್ನದೆ ಇದೇ ಲೆಕ್ಕ ಹಾಕಿ ಬಣ್ಣ ಬಳಿದು ಕೊಡುತ್ತದೆ, ಅಲ್ವಾ?

ಮಧ್ಯಾಹ್ನ ಜಗಳ ಶುರುವಾಗಿದ್ದು ಒಂದು ರಿಲೇ ರ‍್ಯಾಂಪ್ ಮುಂದೆ. ಎರಡು ಫಾಲ್ಟ್‌ಗಳು ಕೊನೆಯಲ್ಲಿ ಅಕ್ಕಪಕ್ಕ ಹಾದು ಹೋಗುತ್ತವೆ, ಒಂದಕ್ಕೊಂದು ಮುಟ್ಟುವುದಿಲ್ಲ. ನಡುವಿನ ಪದರ ಮುರಿಯದೆ ಇಳಿಜಾರಾಗಿ ಬಾಗಿದೆ. ಅಂದರೆ ಎಣ್ಣೆ ಆ ಇಳಿಜಾರಿನಲ್ಲೇ ಆಚೆ ಬದಿಗೆ ದಾಟಬಹುದು. ಅವೆರಡನ್ನೂ ಸುಮ್ನೆ ಒಂದೇ ಗೆರೆಯಾಗಿ ಜೋಡಿಸಿದರೆ ನಕ್ಷೆಯಲ್ಲಿ ಇಲ್ಲದ ಗೋಡೆ ಎದ್ದು ನಿಲ್ಲುತ್ತದೆ. ನಮ್ಮ ಗುಂಪಿನಲ್ಲಿ ಅರ್ಧ ಜನ ರ‍್ಯಾಂಪ್ ಪೂರ್ತಿ ಉಳಿದಿದೆ ಅಂದರು. ಉಳಿದವರು ಅಡ್ಡಲಾಗಿ ಹೋದ ಸಣ್ಣ ಬಿರುಕುಗಳನ್ನು ತೋರಿಸಿ ಇದು ಆಗಲೇ ಮುರಿದಿದೆ ಅಂದರು. ನಾನು ಎರಡನೇ ಗುಂಪಿನವನು.

ತೀರ್ಪು ಬರುವ ಮೊದಲೇ ಉಬ್ಬರ ಬಂತು, ಮೇಲೆ ಹತ್ತಿದೆವು. ನಿಜವಾದ ತೈಲಕ್ಷೇತ್ರದಲ್ಲಿ ಇಂಥ ಜಗಳ ಬಿಡಿಸುವುದು ಬಾವಿಯ ಒತ್ತಡ. ಫಾಲ್ಟ್‌ನ ಒಂದು ಬದಿಯಲ್ಲಿ ಎಣ್ಣೆ ತೆಗೆದಾಗ ಇನ್ನೊಂದು ಬದಿಯಲ್ಲೂ ಒತ್ತಡ ಇಳಿದರೆ ನಡುವೆ ದಾರಿ ಇದೆ ಅಂತ. ಆದರೆ ಅದು ಗೊತ್ತಾಗುವ ಹೊತ್ತಿಗೆ ಎರಡೂ ಬದಿಯಲ್ಲಿ ಬಾವಿ ಕೊರೆದು ಕೋಟಿಗಟ್ಟಲೆ ದುಡ್ಡು ಸುರಿದಾಗಿರುತ್ತದೆ.