ಎಷ್ಟು ಜಿಬಿ ಅಂತ ಕೇಳುವ ಮೊದಲು

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಯಾವ ಅಂಗಡಿಗೆ ಹೋಗಿ ಪೆನ್ ಡ್ರೈವ್ ಕೇಳಿದರೂ ಮೊದಲ ಪ್ರಶ್ನೆ ಒಂದೇ, ‘ಎಷ್ಟು ಜಿಬಿದು ಬೇಕ್ರಿ?’ ಎಷ್ಟು ಬೇಗ ಬರೆಯುತ್ತದೆ ಅಂತ ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಮನೆಯ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲ್ ಸಾಗಿಸುವವರಿಗೆ ಬೇಕಾಗಿರುವುದೇ ಅದು.

ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ಮಹಡಿ ಮೇಲೆ ಹಳೆಯ ಡೆಸ್ಕ್‌ಟಾಪ್, ಅದರಲ್ಲಿ ಲಿನಕ್ಸ್. ಕೆಳಗೆ ಹೊಸ ಲ್ಯಾಪ್‌ಟಾಪ್, ವಿಂಡೋಸ್. ಮದುವೆ ವಿಡಿಯೋ, ಫೋಟೋ ಎಲ್ಲ ಸೇರಿ 40 ಜಿಬಿ ಅಂದುಕೊಳ್ಳಿ. ಅಗ್ಗದ ಪೆನ್ ಡ್ರೈವ್ ಸೆಕೆಂಡಿಗೆ ಸುಮಾರು 10 ಎಂಬಿ ಬರೆಯುತ್ತದೆ, ಅಂದರೆ ಒಂದು ತಾಸಿಗೂ ಜಾಸ್ತಿ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ 100 ಎಂಬಿ ಆಸುಪಾಸು, ಏಳು ನಿಮಿಷ ಸಾಕು. ಪೋರ್ಟಬಲ್ ಎಸ್‌ಎಸ್‌ಡಿ, ಅಂದರೆ ಚಿಪ್‌ನಲ್ಲೇ ಫೈಲ್ ಇಡುವ ಡಿಸ್ಕ್, 400 ಎಂಬಿ ಕೊಟ್ಟರೆ ಎರಡು ನಿಮಿಷವೂ ಬೇಡ.

ಪೆನ್ ಡ್ರೈವಿನ ಡಬ್ಬಿಯ ಮೇಲೆ ದೊಡ್ಡದಾಗಿ ಹಾಕಿರುವ ವೇಗ ಸಾಮಾನ್ಯವಾಗಿ ಓದುವ ವೇಗ. ಬರೆಯುವ ವೇಗವನ್ನು ಸುಮ್ನೆ ಬಿಟ್ಟಿರುತ್ತಾರೆ. ಸಾವಿರಾರು ಸಣ್ಣ ಫೋಟೋ ಹಾಕಿದರಂತೂ ಅದು ಇನ್ನೂ ತೆವಳುತ್ತದೆ. ಆಗ ಎಲ್ಲವನ್ನೂ ಒಂದು ಜಿಪ್ ಫೈಲ್ ಮಾಡಿ ಹಾಕಿದರೆ ಎಷ್ಟೋ ವಾಸಿ.

ಲಿನಕ್ಸ್‌ನಲ್ಲಿ ಇನ್ನೊಂದು ತಮಾಷೆ ಇದೆ. ಕಾಪಿ ಪಟ್ಟಿ ಸರ್ರನೆ ತುದಿ ಮುಟ್ಟುತ್ತದೆ. ಡ್ರೈವಿನ ಪುಟ್ಟ ದೀಪ ಮಾತ್ರ ಮಿಣಮಿಣ ಅಂತಲೇ ಇರುತ್ತದೆ. ಅಕ್ಕನ ಮಗ ಕೈ ಹಾಕಿಕೊಂಡು ನಿಂತು ‘ಮಾಮಾ, ಪೂರಾ ಆಗ್ಯಾದ, ತೆಗೀಲೇನ್ರಿ?’ ಅಂತಾನೆ. ಆಗಿರುವುದಿಲ್ಲ. ಫೈಲ್ ಇನ್ನೂ ರ‍್ಯಾಮ್‌ನಲ್ಲೇ ಕೂತು, ಅಲ್ಲಿಂದ ನಿಧಾನಕ್ಕೆ ಡ್ರೈವಿಗೆ ಇಳಿಯುತ್ತಿರುತ್ತದೆ. ಎಜೆಕ್ಟ್ ಒತ್ತಿ, ‘ಈಗ ತೆಗೆಯಬಹುದು’ ಅಂತ ಬರುವವರೆಗೆ ಕೀಳಬಾರದು.

ಹಾಗಾದರೆ ಎಲ್ಲರೂ ಎಸ್‌ಎಸ್‌ಡಿ ತಗೊಳ್ಳಬೇಕಾ? ಮೊದಲು ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿ. ಪೋರ್ಟ್ ಒಳಗೆ ನೀಲಿ ಪಟ್ಟಿ ಇದ್ದರೆ ಅದು ಬಹುತೇಕ ಯುಎಸ್‌ಬಿ 3. ಕಪ್ಪೋ ಬಿಳಿಯೋ ಇದ್ದರೆ ಯುಎಸ್‌ಬಿ 2 ಇರುವ ಸಾಧ್ಯತೆ ಜಾಸ್ತಿ. ಯುಎಸ್‌ಬಿ 2 ಬಂದಿದ್ದು 2000ದಲ್ಲಿ. ಕಾಗದದ ಮೇಲೆ 480 ಮೆಗಾಬಿಟ್, ಅಂದರೆ 60 ಎಂಬಿ, ಕೈಗೆ ಸಿಗುವುದು ಸೆಕೆಂಡಿಗೆ 30ರಿಂದ 40 ಎಂಬಿ ಅಷ್ಟೇ. ಎಷ್ಟೇ ದುಬಾರಿ ಎಸ್‌ಎಸ್‌ಡಿ ತಂದು ಚುಚ್ಚಿದರೂ ಅದಕ್ಕಿಂತ ಮುಂದೆ ಹೋಗುವುದಿಲ್ಲ. ನಮ್ಮ ಡೆಸ್ಕ್‌ಟಾಪ್ ಇದೇ ಜಾತಿಯದು.

ಆದರೂ ಊರಿಂದ ಊರಿಗೆ ಒಯ್ಯಲು ನನ್ನ ಮತ ಎಸ್‌ಎಸ್‌ಡಿಗೇ. ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ಗರಗರ ತಿರುಗುತ್ತಿರುತ್ತದೆ, ಅದನ್ನು ಓದುವ ತಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ನಮ್ಮ ಕಡೆ ಮನೆಮನೆಗೂ ಶಹಾಬಾದ್ ಪರಶಿ ಕಲ್ಲಿನ ನೆಲ. ಮೇಜಿನಿಂದ ಅದರ ಮೇಲೆ ಬಿದ್ದರೆ ಮುಗಿಯಿತು, ಡೇಟಾ ವಾಪಸ್ ತೆಗೆಸಲು ಡಿಸ್ಕಿನ ಬೆಲೆಗಿಂತ ಜಾಸ್ತಿ ಕೇಳುತ್ತಾರೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಬಸ್ಸಿನಲ್ಲಿ ಯಾದಗಿರಿಗೆ, ಬೀದರಿಗೆ ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಹಾಗಂತ ಮೇ ತಿಂಗಳ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಯಾವುದನ್ನೂ ಬಿಡಬೇಡಿ. ಕಪಾಟಿನಲ್ಲಿ ಇಟ್ಟು ವರ್ಷಗಟ್ಟಲೆ ಮುಟ್ಟದ ಬ್ಯಾಕಪ್‌ಗೆ ಹಾರ್ಡ್ ಡಿಸ್ಕೇ ಸರಿ. ಕರೆಂಟ್ ಕೊಡದೆ ಬಹಳ ಕಾಲ ಬಿಟ್ಟರೆ ಎಸ್‌ಎಸ್‌ಡಿಯಲ್ಲಿ ಬರೆದದ್ದು ಮಾಸಬಹುದು. ಒಂದು ಟಿಬಿಯ ಬೆಲೆಯೂ ಹಾರ್ಡ್ ಡಿಸ್ಕಿನಲ್ಲೇ ಕಡಿಮೆ. ಅಂದಹಾಗೆ, 1 ಟಿಬಿ ತಂದರೆ ವಿಂಡೋಸ್ 931 ಜಿಬಿ ಅಂತ ತೋರಿಸುತ್ತದೆ. ಅದಕ್ಕೆ ಅಂಗಡಿಯವನ ಜೊತೆ ಜಗಳ ಬೇಡ. ತಯಾರಿಸುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ.

ಫಾರ್ಮ್ಯಾಟ್ ವಿಷಯ ಚಿಕ್ಕದು, ತಲೆನೋವು ದೊಡ್ಡದು. 64 ಜಿಬಿ ಖಾಲಿ ಇದ್ದರೂ 5 ಜಿಬಿಯ ಒಂದು ವಿಡಿಯೋ ಹೋಗುತ್ತಿಲ್ಲ ಅಂದರೆ ಡ್ರೈವ್ ಫ್ಯಾಟ್32 ಅನ್ನುವ ಹಳೆಯ ಫಾರ್ಮ್ಯಾಟಿನಲ್ಲಿದೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿ, ಆದರೆ ಒಳಗಿರುವುದೆಲ್ಲ ಅಳಿಸುತ್ತದೆ, ಮೊದಲೇ ಬೇರೆ ಕಡೆ ಇಟ್ಟುಕೊಳ್ಳಿ. ವಿಂಡೋಸ್, ಮ್ಯಾಕ್, ಈಗಿನ ಲಿನಕ್ಸ್ ಮೂರೂ ಎಕ್ಸ್‌ಫ್ಯಾಟ್ ಓದುತ್ತವೆ, ಬರೆಯುತ್ತವೆ.

ಆನ್‌ಲೈನಿನಲ್ಲಿ ಐನೂರು ರೂಪಾಯಿಗೆ 2 ಟಿಬಿ ಪೆನ್ ಡ್ರೈವ್ ಕಂಡರೆ ಮುಂದೆ ನಡೆಯಿರಿ. ಒಳಗಿನ ಚಿಪ್ ಚಿಕ್ಕದಿರುತ್ತದೆ, ದೊಡ್ಡದು ಅಂತ ಸುಳ್ಳು ಹೇಳುತ್ತದೆ, ತುಂಬಿದ ಮೇಲೆ ಹಾಕಿದ ಫೈಲುಗಳು ಹಾಳಾಗುತ್ತವೆ. ಈಗಾಗಲೇ ತಂದಿದ್ದರೆ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಹಾಕಿ ಪರೀಕ್ಷಿಸಿ. ಜೆರಾಕ್ಸ್ ಅಂಗಡಿಗೆ ಬೇರೆಯೇ ಒಂದು ಸಣ್ಣ ಪೆನ್ ಡ್ರೈವ್ ಇಡಿ, ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿ ವಾಪಸ್ ಬರುವ ವೈರಸ್ ಕಾಯಿಲೆ ಇನ್ನೂ ಹೋಗಿಲ್ಲ.

ಮನೆಯೊಳಗೇ ಸಾಗಿಸುವುದಾದರೆ ಏನೂ ಕೊಳ್ಳಬೇಡಿ ಅನ್ನುತ್ತೇನೆ. ಎರಡೂ ಕಂಪ್ಯೂಟರಿಗೆ ಗಿಗಾಬಿಟ್ ಲ್ಯಾನ್ ಪೋರ್ಟ್ ಇದ್ದರೆ ಒಂದು ನೆಟ್‌ವರ್ಕ್ ಕೇಬಲ್ ಸಾಕು, ಡಿಸ್ಕ್‌ಗೆ ಅಷ್ಟು ವೇಗ ಇದ್ದರೆ ಸೆಕೆಂಡಿಗೆ ನೂರು ಎಂಬಿ ದಾಟುತ್ತದೆ. ನಮ್ಮ ಹಳೆಯ ಡೆಸ್ಕ್‌ಟಾಪಿಗೆ ಅದರ ಯುಎಸ್‌ಬಿಗಿಂತ ಇದೇ ಜೋರು. ಶೇರಿಂಗ್ ಸೆಟ್ಟಿಂಗ್ ಜೊತೆ ಗುದ್ದಾಡಲು ಬೇಜಾರಾದರೆ ಎರಡೂ ಕಡೆ ಲೋಕಲ್‌ಸೆಂಡ್ ಅನ್ನುವ ಫೈಲ್ ಕಳಿಸುವ ಆ್ಯಪ್ ಹಾಕಿಕೊಳ್ಳಿ. ಉಚಿತ, ಇಂಟರ್ನೆಟ್ ಡೇಟಾ ಖರ್ಚಾಗಲ್ಲ, ಫೋನಿನಲ್ಲೂ ನಡೆಯುತ್ತದೆ.