ಒಂದೇ ತಟ್ಟೆ, ಏಳು ಕೈ

ಆಡಿಸ್ ಅಬಾಬಾಕ್ಕೆ ನನ್ನನ್ನು ಕಳಿಸಿದ್ದು ರಕ್ತಪರೀಕ್ಷೆಯ ಯಂತ್ರವೊಂದನ್ನು ಜೋಡಿಸಿ, ಅದನ್ನು ನಡೆಸುವವರಿಗೆ ಕಲಿಸಿ ಬರಲು. ಮೂರು ವಾರದ ಕೆಲಸ. ಈ ಯಂತ್ರದೊಳಗೆ ಸೂಜಿಯಂಥ ಒಂದು ನಳಿಗೆ ಇದೆ. ಒಬ್ಬರ ಸೀರಮ್, ಅಂದರೆ ರಕ್ತದ ತಿಳಿಭಾಗ, ಹೀರುತ್ತದೆ, ಮೈ ತೊಳೆದುಕೊಳ್ಳುತ್ತದೆ, ಮುಂದಿನವರ ಸೀರಮ್‌ಗೆ ಇಳಿಯುತ್ತದೆ. ತೊಳೆದ ಮೇಲೂ ಹಿಂದಿನದು ಎಷ್ಟು ಉಳಿದಿದೆ ಎಂದು ಅಳೆಯುವುದಕ್ಕೆ ಕ್ಯಾರಿಓವರ್ ಪರೀಕ್ಷೆ ಎನ್ನುತ್ತಾರೆ. ನಾನು ಮನಸ್ಸಿನಲ್ಲಿ ಅದನ್ನು ಎಂಜಲು ಪರೀಕ್ಷೆ ಎಂದೇ ಕರೆಯುತ್ತೇನೆ. ಹದಿನಾಲ್ಕು ವರ್ಷಗಳಿಂದ ನನಗೆ ಅನ್ನ ಹಾಕುತ್ತಿರುವುದು ಇದೇ: ಒಂದರ ಎಂಜಲು ಇನ್ನೊಂದಕ್ಕೆ ತಾಗದಂತೆ ನೋಡಿಕೊಳ್ಳುವ ಕೆಲಸ.

ಇಂಥವಳು ಇಥಿಯೋಪಿಯಾದಲ್ಲಿ ಊಟಕ್ಕೆ ಕುಳಿತಳು.

ಅದಕ್ಕೂ ಮೊದಲು ಗಡಿಯಾರದ ಪಜೀತಿ ಹೇಳಿಬಿಡುತ್ತೇನೆ. ಹೋದ ಸಂಜೆಯೇ ಕಾರಿನ ಚಾಲಕ, "ನಾಳೆ ಮೂರು ಗಂಟೆಗೆ ಬರುತ್ತೇನೆ" ಎಂದ. ಬೆಳಿಗ್ಗೆ ಬಿಡುವು ಸಿಕ್ಕಿತೆಂದು ತಲೆಗೆ ಎಣ್ಣೆ ಹಚ್ಚಿಕೊಂಡು ಕುಳಿತಿದ್ದೆ. ಒಂಬತ್ತಕ್ಕೆ ಕೆಳಗಿನಿಂದ ಫೋನು: ಬಂದಿದ್ದೇನೆ, ಇಳಿಯಿರಿ. ಅಲ್ಲಿ ಹಗಲಿನ ಎಣಿಕೆ ಶುರುವಾಗುವುದು ಬೆಳಕು ಹರಿದ ಮೇಲೆ. ನಮ್ಮ ಏಳು ಗಂಟೆ ಅವರಿಗೆ ಒಂದು, ನಮ್ಮ ಒಂಬತ್ತು ಅವರಿಗೆ ಮೂರು. ಪಂಚಾಂಗವೂ ಬೇರೆಯೇ. ಮೂವತ್ತು ದಿನಗಳ 12 ತಿಂಗಳು, ಬಾಲಕ್ಕೆ ಐದೋ ಆರೋ ದಿನಗಳ 13ನೆಯ ತಿಂಗಳು. ಇಸವಿ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. ಹಾಗಾದರೆ ನನ್ನ ವಯಸ್ಸೂ ಅಷ್ಟು ಇಳಿಯಿತೇ ಎಂದು ಕೇಳಿದೆ. ಹುಟ್ಟಿದ ಇಸವಿಯೂ ಜೊತೆಗೇ ಹಿಂದಕ್ಕೆ ಹೋಗುತ್ತದಲ್ಲ ಎಂದು ಚೀಟಿಯ ಮೇಲೆ ಲೆಕ್ಕ ಹಾಕಿ ತೋರಿಸಿದರು.

ತೋರಿಸಿದವರು ಪ್ರಯೋಗಾಲಯದ ಹಿರಿಯ ತಂತ್ರಜ್ಞೆ. ಹೆಸರು ಬೇಡ, ಅಕ್ಕ ಎನ್ನುತ್ತೇನೆ. ನಗರ ಸುಮಾರು 2,350 ಮೀಟರ್ ಎತ್ತರದಲ್ಲಿದೆ. ಮೂರನೆಯ ಮಹಡಿಗೆ ಹತ್ತುವಷ್ಟರಲ್ಲಿ ನನಗೆ ಏದುಸಿರು. ಅಕ್ಕನಿಗೂ ಹಾಗೆಯೇ ಎಂದುಕೊಂಡಿದ್ದೆ. ಏನು ಕೇಳಿದರೂ ಅವರು ಹಠಾತ್ತನೆ ಉಸಿರನ್ನು ಒಳಕ್ಕೆಳೆದುಕೊಳ್ಳುತ್ತಿದ್ದರು. ಯಾರೋ ಬೆಚ್ಚಿಬಿದ್ದಾಗ ಬರುವಂಥ ಸದ್ದು. ಹುಷಾರಿಲ್ಲವೇ ಎಂದೆ. ಮತ್ತೆ ಉಸಿರೆಳೆದರು. ಓಡಿಹೋಗಿ ನೀರು ತಂದೆ. ಪಾಪ, ಕುಡಿದರು. ಆ ಉಸಿರಿಗೆ ಅಲ್ಲಿ "ಹೌದು" ಎಂದರ್ಥವೆಂದು ತಿಳಿದದ್ದು ಸಂಜೆ. ಆದರೂ ಹುಷಾರಿಲ್ಲವೇ ಎಂಬುದಕ್ಕೆ ಹೌದು ಎಂದದ್ದೇಕೆ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ.

ಮೊದಲ ಮಧ್ಯಾಹ್ನ ಎಲ್ಲರೂ ಒಂದು ತಟ್ಟೆಯ ಸುತ್ತ ಕುಳಿತರು. ತಟ್ಟೆ ಎಂದರೆ ತೊಟ್ಟಿಲ ಮಗುವನ್ನು ಮಲಗಿಸಬಹುದಾದಷ್ಟು ಅಗಲ. ನಾನು ಬೇರೆ ತಟ್ಟೆ ಕೇಳಿ ತರಿಸಿಕೊಂಡೆ. ಬಡಿಸುವ ಹುಡುಗ ಅಕ್ಕನ ಕಿವಿಯಲ್ಲಿ ಏನೋ ಕೇಳಿದ. "ಅವರಿಗೆ ಜ್ವರವೇ ಎಂದು ಕೇಳುತ್ತಿದ್ದಾನೆ" ಎಂದರು. ನಾನು ನಕ್ಕೆ. ಮೇಜಿನ ಸುತ್ತ ಬೇರೆ ಯಾರೂ ನಗಲಿಲ್ಲ.

ಊಟದ ಬುಡವೇ ಇಂಜೆರಾ. ಟೆಫ್ ಎಂಬ, ಗಸಗಸೆಯಷ್ಟೇ ಸಣ್ಣ ಕಾಳಿನ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ ಹೊಯ್ಯುವುದು. ದೋಸೆಯ ಬಂಧುವಿರಬೇಕು ಎಂದು ಬಾಯಿಗಿಟ್ಟರೆ ಆ ಹುಳಿ ಬುದ್ಧಿ ಕಲಿಸುತ್ತದೆ. ಭಾನುವಾರ ಅಕ್ಕನ ಮನೆಯಲ್ಲಿ ಮಾಡುವುದನ್ನು ನೋಡಿದೆ. ಮಿತಾದ್ ಎಂಬ ದೊಡ್ಡ ಕಾವಲಿ. ಹಿಟ್ಟನ್ನು ನಡುವಿನಿಂದ ಹರಡುವುದಿಲ್ಲ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕ್ಷಣದಲ್ಲಿ ಮೈಯೆಲ್ಲ ತೂತು ಬೀಳುತ್ತದೆ. ಅವಕ್ಕೆ ಕಣ್ಣು ಎನ್ನುತ್ತಾರೆ. ಕಣ್ಣು ತೆರೆದ ಮೇಲೆ ಮುಚ್ಚಳ. ಮಗುಚಿ ಹಾಕುವುದಿಲ್ಲ, ಆವಿಯಲ್ಲೇ ಬೇಯಬೇಕು. ಹುಲ್ಲಿನಿಂದ ಹೆಣೆದ ಚಾಪೆಯಂಥದ್ದನ್ನು ಕೆಳಗೆ ಸರಿಸಿ ಇಡೀ ಚಕ್ರವನ್ನು ಎತ್ತಿಕೊಳ್ಳುತ್ತಾರೆ. ನಾನೂ ಒಂದನ್ನು ಹೊಯ್ದೆ. ಅದು ಕುರುಡಾಗಿ ಹುಟ್ಟಿತು.

ಸಸ್ಯಾಹಾರಿಗೆ ಅಲ್ಲಿ ಏನು ಸಿಗುತ್ತದೆ ಎಂದು ಹೊರಡುವ ಮುನ್ನ ಎಲ್ಲರೂ ಹೆದರಿಸಿದ್ದರು. ಹೆದರಿಕೆಗೆ ಕಾರಣ ಇಲ್ಲದಿಲ್ಲ. ಮೆಣಸಿನ ಪುಡಿಯಲ್ಲಿ ಅದ್ದಿ ಹಸಿ ಮಾಂಸ ತಿನ್ನುವ ಅಂಗಡಿಗಳ ಮುಂದೆ ನಾನು ಮುಖ ತಿರುಗಿಸಿಯೇ ನಡೆದೆ. ಆದರೆ ಬುಧವಾರ ಮತ್ತು ಶುಕ್ರವಾರ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಉಪವಾಸ: ಮಾಂಸ, ಮೊಟ್ಟೆಯಷ್ಟೇ ಅಲ್ಲ, ಹಾಲು ಬೆಣ್ಣೆಯೂ ಇಲ್ಲ. "ತ್ಸೋಮ್" ಎಂಬ ಒಂದು ಪದ ಹೇಳಿದರೆ ಸಾಕು, ಉಪವಾಸದ ಅಡುಗೆ ಬರುತ್ತದೆ. ಬೆರ್ಬೆರೆ ಖಾರದ ಕೆಂಪು ಬೇಳೆ, ಅರಿಶಿನದ ಹಳದಿ ಬೇಳೆ, ಬೆಂದ ಗೋಮೆನ್ ಸೊಪ್ಪು, ಕಡಲೆ ಹಿಟ್ಟಿನ ಶಿರೋ, ಎಲ್ಲವೂ ಒಂದೇ ಇಂಜೆರಾದ ಮೇಲೆ ಗುಪ್ಪೆಗುಪ್ಪೆಯಾಗಿ.

ಆ ಬುಧವಾರ ಬೇರೆ ತಟ್ಟೆ ಕೇಳಲು ಬಾಯಿ ಬರಲಿಲ್ಲ. ಒಬ್ಬಾಕೆ ಹೂಜಿಯಿಂದ ಎಲ್ಲರ ಕೈಗೂ ನೀರು ಹೊಯ್ದಳು. ಏಳು ಕೈ ತಟ್ಟೆಗಿಳಿದವು. ಅವರಲ್ಲೂ ಶಿಸ್ತು ಇದೆ: ಬಲಗೈ ಮಾತ್ರ, ಅವರವರ ಎದುರಿನಿಂದ ಮಾತ್ರ. ಸಮಾಧಾನವಾಯಿತು. ಸೊಪ್ಪಿನ ಗುಪ್ಪೆಯನ್ನೇ ಬೇಲಿ ಮಾಡಿಕೊಂಡು ನನ್ನ ಪಾಲಿನ ಹೋಳನ್ನು ಕಾಯುತ್ತಾ ಕುಳಿತೆ. ಆದರೆ ಕೆಳಗಿದ್ದದ್ದು ಇಂಜೆರಾ. ಅಷ್ಟೂ ಕಣ್ಣುಗಳಿಂದ ಆ ಕಡೆಯ ರಸವನ್ನು ಈ ಕಡೆಗೆ ಹೀರುತ್ತಿತ್ತು. ನನ್ನ ಯಂತ್ರವಾಗಿದ್ದರೆ ಕೆಂಪು ದೀಪ ಹತ್ತಿ ನಿಂತುಬಿಡುತ್ತಿತ್ತು.

ಅಷ್ಟರಲ್ಲಿ ಅಕ್ಕ ಒಂದು ತುಂಡು ಇಂಜೆರಾದಲ್ಲಿ ಶಿರೋ ಸುತ್ತಿ ನನ್ನತ್ತ ಚಾಚಿದರು. ಕೈಯೊಡ್ಡಿದೆ. "ಕೈಗಲ್ಲ" ಎಂದರು. ಇದು ಗುರ್ಶಾ: ಎದುರಿನವರ ಬಾಯಿಗೆ ತುತ್ತಿಡುವುದು. ಆರು ಮುಖ ನನ್ನ ಬಾಯಿಯನ್ನೇ ನೋಡುತ್ತಿದ್ದವು. ತೆರೆದೆ. ತುತ್ತು ದೊಡ್ಡದಾದಷ್ಟೂ ಪ್ರೀತಿ ದೊಡ್ಡದಂತೆ. ಇದು ದವಡೆಯ ಎರಡೂ ಬದಿ ತುಂಬಿತು. ರುಚಿಯಾಗಿದೆಯೇ ಎಂದು ಕೇಳಿದರು. ಮಾತನಾಡಲು ಜಾಗವಿಲ್ಲ. ಕಲಿತದ್ದನ್ನು ತೋರಿಸೋಣವೆಂದು ಉಸಿರನ್ನು ಒಳಕ್ಕೆಳೆದುಕೊಂಡೆ. ಖಾರ ನೇರವಾಗಿ ನೆತ್ತಿಗೆ. ಮೂರು ಜನ ಬೆನ್ನು ಗುದ್ದಿದರು. ಕೆಮ್ಮು ನಿಂತ ಮೇಲೆ ಕಣ್ಣೊರೆಸಿಕೊಂಡು ನೋಡುತ್ತೇನೆ, ಎರಡನೆಯ ತುತ್ತು ಸಿದ್ಧವಾಗಿದೆ. ಒಂದಕ್ಕೇ ನಿಲ್ಲಿಸುವುದು ಸರಿಯಲ್ಲವಂತೆ.

ಕಾಫಿಯ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಲೇಖನವಾಗುತ್ತದೆ. ಹಸಿ ಬೀಜವನ್ನು ನಮ್ಮೆದುರೇ ಹುರಿದು, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ, ಮೂರು ಸುತ್ತು ಕೊಡುತ್ತಾರೆ. ಮೂರನೆಯ ಸುತ್ತಿಗೂ ಮುಂಚೆ ಏಳುವಂತಿಲ್ಲ. ಆ ಹೊತ್ತಿನಲ್ಲಿ ಯಂತ್ರದ ಮಾತೆತ್ತಿದ ಒಬ್ಬಳೇ ವ್ಯಕ್ತಿ ನಾನು.

ಕೊನೆಯ ಶುಕ್ರವಾರ ಎಂಜಲು ಪರೀಕ್ಷೆ ನಡೆಸಿದೆವು. ಯಂತ್ರ ಪಾಸಾಯಿತು. ಅಕ್ಕ ಸಹಿ ಹಾಕಿದರು, ಕೈಗವಸು ಕಳಚಿ ಎಲ್ಲರೂ ಊಟಕ್ಕೆ ಇಳಿದೆವು. ಈ ಸಲ ಇಂಜೆರಾ ಹರಿದವಳು ನಾನು. ಶಿರೋ ಸ್ವಲ್ಪ ಹೆಚ್ಚೇ ತುಂಬಿ, ಸುತ್ತಿ, ಅಕ್ಕನ ಬಾಯಿಯ ಹತ್ತಿರ ಒಯ್ದೆ. ಅರ್ಧ ಒಳಗೆ ಹೋಯಿತು. ಇನ್ನರ್ಧ ಅವರ ಬಿಳಿಯ ಹತ್ತಿ ಶಾಲಿನ ಮೇಲೆ ಬಿತ್ತು. ಹಳದಿ ಕಲೆ ಹರಡುವುದನ್ನು ಇಬ್ಬರೂ ನೋಡಿದೆವು. ಅಕ್ಕ ಅದನ್ನು ಬೆರಳಿನಿಂದ ಬಳಿದು ಬಾಯಿಗಿಟ್ಟುಕೊಂಡರು. ನಾನು ಎರಡನೆಯದನ್ನು ಸ್ವಲ್ಪ ಚಿಕ್ಕದಾಗಿ ಸುತ್ತತೊಡಗಿದೆ.